ಅಟ್ಟದ ಮೇಲಿರುವ ಅಡುಗೆಮನೆ

ಸಂಘದ ಕಾರ್ಯದರ್ಶಿಯ ಮೇಜಿಗೆ ಬರುವ ಸಾಲದ ಅರ್ಜಿಗಳಿಗೂ ಪೇಟೆಯ ಧಾರಣೆಗೂ ಹತ್ತಿರದ ನಂಟು. ಧಾರಣೆ ಇಳಿದ ವರ್ಷ ಅರ್ಜಿಗಳಲ್ಲಿ ಗೊಬ್ಬರ, ಔಷಧಿ ಸಿಂಪಡಣೆ, ಮಗಳ ಮದುವೆ ಎಂಬ ಮಾತುಗಳಿರುತ್ತವೆ. ಧಾರಣೆ ಏರಿದ ವರ್ಷ 'ಮನೆ ದುರಸ್ತಿ' ಎಂಬ ಮಾತು ತಲೆಯೆತ್ತುತ್ತದೆ. 2024-25ರಲ್ಲಿ ಕಾಫಿಗೆ ಹಿಂದೆಂದೂ ಕಾಣದ ಬೆಲೆ ಬಂದ ಮೇಲೆ ಇಂತಹ ಅರ್ಜಿಗಳು ಒಂದರ ಹಿಂದೊಂದು ಬಂದವು. "ದುರಸ್ತಿ ಅಂದರೆ ಮಾಡು ಸೋರ್ತದಾ?" ಎಂದು ಕೇಳಿದರೆ, "ಇಲ್ಲ ಮಾರಾಯ್ರೆ, ಅಡುಗೆಮನೆ. ಮನೆಯಲ್ಲಿ ಎರಡು ವರ್ಷದಿಂದ ಹೇಳ್ತಾ ಇದಾರೆ" ಎಂಬ ಉತ್ತರ.

ಅಡುಗೆಮನೆಗೆ ಖರ್ಚು ಮಾಡುವುದು ದುಂದು ಎಂದು ಹೇಳುವವನು ನಾನಲ್ಲ. ಅಡಿಕೆ ಒಣಗಿಸುವ ಅಂಗಳಕ್ಕೆ ಸಿಮೆಂಟು ಬಂದು ಇಪ್ಪತ್ತು ವರ್ಷವಾದ ಮೇಲೆ ಅಡುಗೆಮನೆಗೆ ಕಿಟಕಿ ಬಂದ ಮನೆಗಳನ್ನು ನಾನು ಬಲ್ಲೆ. ನಮ್ಮ ಹೆಂಗಸರು ಹೊಗೆಯಲ್ಲಿ ಕಣ್ಣು ಉಜ್ಜಿಕೊಂಡು ಮೂರು ಹೊತ್ತು ಬೇಯಿಸಿ ಹಾಕಿದ್ದಾರೆ. ಮನೆಯಲ್ಲಿ ಮೊದಲು ರಿಪೇರಿಯಾಗಬೇಕಾದ ಕೋಣೆ ಯಾವುದಾದರೂ ಇದ್ದರೆ ಅದು ಅಡುಗೆಮನೆಯೇ. ಆದರೆ ಅದನ್ನು ಸಾಲದ ದುಡ್ಡಿನಿಂದ, ಪೇಟೆಯ ಅಂಗಡಿಯ ಚಿತ್ರಪಟ ನೋಡಿಯೇ ಮಾಡಬೇಕೆ ಎಂಬುದು ನನ್ನ ಪ್ರಶ್ನೆ.

ಹಿರಿಯ ಸದಸ್ಯರಿಗೆ ನೆನಪಿರಬಹುದು. 1994ರಲ್ಲಿ ಬ್ರೆಜಿಲಿನ ತೋಟಗಳು ಹಿಮದ ಹೊಡೆತಕ್ಕೆ ಸಿಕ್ಕಾಗ ಇಲ್ಲಿ ಕಾಫಿ ಬೆಲೆ ಆಕಾಶಕ್ಕೇರಿತು. ಆಗ ಎಷ್ಟೋ ಮಂದಿ ಹಳೆ ಮನೆ ಕೆಡವಿ ತಾರಸಿ ಹಾಕಿದರು. 2001-02ರ ಹೊತ್ತಿಗೆ ಅದೇ ಬೆಲೆ ಪಾತಾಳಕ್ಕಿಳಿದಾಗ ತಾರಸಿಯ ಸಾಲ ಮಾತ್ರ ಇಳಿಯಲಿಲ್ಲ. ಬೆಲೆ ಏರಿದಾಗ ಮಾಡಿದ ಸಾಲವನ್ನು ಬೆಲೆ ಇಳಿದಾಗ ತೀರಿಸಬೇಕಾಗಿ ಬರುವುದು ಬೆಳೆಗಾರನ ಹಣೆಬರಹ. ಆದ್ದರಿಂದ, ನಮ್ಮ ಮನೆಯ ಅಡುಗೆಮನೆಯನ್ನು ಹಳೆಯ ಸಾಮಾನುಗಳಿಂದಲೇ ಹೇಗೆ ಹೊಸದು ಮಾಡಿಕೊಂಡೆವು, ಅದರಲ್ಲಿ ಏನು ತಪ್ಪಿತು, ಏನು ಒಪ್ಪಿತು ಎಂಬುದನ್ನು ಸದಸ್ಯ ಬಾಂಧವರ ಮುಂದಿಡುತ್ತಿದ್ದೇನೆ.

ಮೊದಲು ಅಟ್ಟ ಹತ್ತಿ

ಪೇಟೆಯ ಒಂದು ಅಂಗಡಿಯವರು ಬಂದು ಅಳತೆ ಮಾಡಿ, ಕಪಾಟು, ಡ್ರಾಯರು, ಗ್ರಾನೈಟು ಎಲ್ಲ ಸೇರಿ 3,80,000 ರೂಪಾಯಿಯ ಅಂದಾಜುಪಟ್ಟಿ ಕೊಟ್ಟು ಹೋದರು. ಕಪಾಟುಗಳು ಮರದ ಹೊಟ್ಟನ್ನು ಅಂಟಿನಲ್ಲಿ ಒತ್ತಿ ಮಾಡಿದ ಹಲಗೆಯವು. ಅಂತಹ ಹಲಗೆಯ ಅಂಚಿಗೆ ನೀರು ತಗಲಿದರೆ ಅದು ಉಬ್ಬುತ್ತದೆ, ಒಮ್ಮೆ ಉಬ್ಬಿದ್ದು ಮತ್ತೆ ಕೂರುವುದಿಲ್ಲ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುತ್ತದೆ. ನಮ್ಮೂರಲ್ಲಿ ಅಷ್ಟಿಲ್ಲದಿದ್ದರೂ ಆಷಾಢದಲ್ಲಿ ಬೆಂಕಿಪೆಟ್ಟಿಗೆ ಹತ್ತುವುದಿಲ್ಲ, ಉಪ್ಪಿನ ಡಬ್ಬಿಯಲ್ಲಿ ನೀರು ನಿಲ್ಲುತ್ತದೆ. ಇಂತಹ ಊರಿಗೆ ಹೊಟ್ಟಿನ ಹಲಗೆ ಹೇಳಿಸಿದ್ದಲ್ಲ.

ಆ ಪಟ್ಟಿಯನ್ನು ಮಡಚಿಟ್ಟು ಒಂದು ಭಾನುವಾರ ನಾನೂ ಮಗನೂ ಅಟ್ಟ ಹತ್ತಿದೆವು. ಅಲ್ಲಿ ಸಿಕ್ಕಿದ್ದು ಇಷ್ಟು: ಬಿಚ್ಚಿಟ್ಟಿದ್ದ ಭತ್ತದ ಪತ್ತಾಯದ ಹಲಸಿನ ಹಲಗೆಗಳು, ಒಂದು ಬಾಗಿಲಿನ ಎರಡು ರೆಕ್ಕೆಗಳು, ತಂತಿಜಾಲರಿಯ ಒಂದು ಬೀರು, ನಾಲ್ಕು ಉಪ್ಪಿನಕಾಯಿ ಭರಣಿ, ಎರಡು ಹಿತ್ತಾಳೆ ಬೋಗುಣಿ, ಒಂದು ತಪ್ಪಲೆ, ಸೇರು-ಪಾವುಗಳ ಒಂದು ಜೊತೆ, ತುಕ್ಕು ಹಿಡಿದ ಕಬ್ಬಿಣದ ಕಾವಲಿ, ಮೇಜಿಗೆ ಬಿಗಿಯುವ ಕಾಫಿ ಬೀಜದ ಕೈಮಿಲ್ಲು, ಹಿತ್ತಾಳೆಯ ಕಾಫಿ ಫಿಲ್ಟರು, ಏಳೆಂಟು ಮಣೆ, ಮುರಿದ ಕಡಗೋಲು, ಮತ್ತೆ ಲೆಕ್ಕವಿಲ್ಲದಷ್ಟು ಇಲಿಪಿಚಿಕೆ.

ಎಲ್ಲವನ್ನೂ ಇಳಿಸಿ ಅಂಗಳದಲ್ಲಿ ಹರವಿ, ಹೆಮ್ಮೆಯಿಂದ ನಿಂತಿದ್ದೆ. ಮನೆಯಾಕೆ ಹೊರಗೆ ಬಂದು ನೋಡಿ ಒಂದೇ ಮಾತು ಕೇಳಿದರು: "ಚೆನ್ನಾಗಿದೆ. ಇದನ್ನೆಲ್ಲ ಹುಣಿಸೆಹಣ್ಣು ಹಾಕಿ ತಿಕ್ಕೋರು ಯಾರು, ನೀವಾ?"

ಹಳೆ ಸಾಮಾನಿನ ಅಂದವನ್ನು ಹೊಗಳಿ ಬರೆಯುವವರು ಹೆಚ್ಚಾಗಿ ಅದನ್ನು ತೊಳೆಯುವವರಲ್ಲ ಎಂಬುದು ಅಲ್ಲಿಗೆ ನನಗೆ ಮನದಟ್ಟಾಯಿತು. ಆ ಸಂಜೆ ಕುಳಿತು ಅವರೇ ಮೂರು ನಿಯಮ ಮಾಡಿದರು. ಒಂದು, ಅಡುಗೆಮನೆಯೊಳಗೆ ಬರುವ ಪ್ರತಿಯೊಂದು ವಸ್ತುವಿಗೂ ಒಂದು ಕೆಲಸ ಇರಬೇಕು. ಬರೀ ನೋಡಲಿಕ್ಕೆ ಇಡುವ ವಸ್ತು ಜೇಡನ ಬಲೆಗೆ ಜಾಗ. ಎರಡು, ಅದನ್ನು ಒಬ್ಬ ಹೆಂಗಸು ಒಂದೇ ಕೈಯಲ್ಲಿ ಎತ್ತಿ ತೊಳೆಯುವಂತಿರಬೇಕು. ಭಾರದ್ದಾದರೆ ಕೂತಲ್ಲಿಂದ ಎತ್ತುವ ಅಗತ್ಯವೇ ಬರಬಾರದು. ಮೂರು, ನಲ್ಲಿ, ನೀರಿನ ಕೊಳವೆ, ವಿದ್ಯುತ್ ತಂತಿ, ಅನಿಲದ ಕೊಳವೆ, ಇವು ನಾಲ್ಕೂ ಹೊಸತೇ ಆಗಬೇಕು; ಇಲ್ಲಿ ಉಳಿತಾಯದ ಮಾತಿಲ್ಲ. ಮುಂದಿನ ಕೆಲಸವೆಲ್ಲ ಈ ಮೂರು ನಿಯಮದ ಮೇಲೆಯೇ ನಡೆಯಿತು. ಈ ಪರೀಕ್ಷೆಯಲ್ಲಿ ಅನೇಕ ವಸ್ತುಗಳು ಸೋತವು. ಕಡೆಯುವ ಕಲ್ಲು ಹಿತ್ತಿಲಲ್ಲೇ ಉಳಿಯಿತು, ಈಗ ಅದರ ಗುಳಿಯಲ್ಲಿ ಹಕ್ಕಿಗಳಿಗೆ ನೀರು.

ಮರದ ವಿಚಾರ

ಪತ್ತಾಯದ ಹಲಗೆಗಳಿಂದ ಕಟ್ಟೆಯ ಕೆಳಗಿನ ಕಪಾಟುಗಳ ಬಾಗಿಲಾದವು. ಬಾಗಿಲಿನ ಎರಡು ರೆಕ್ಕೆಗಳಲ್ಲಿ ಒಂದಕ್ಕೆ ನಾಲ್ಕು ಕಾಲು ಕೊಟ್ಟು ತರಕಾರಿ ಹೆಚ್ಚುವ ಮೇಜು ಮಾಡಿಸಿದೆವು, ಇನ್ನೊಂದನ್ನು ಕೊಯ್ದು ಗೋಡೆಯ ಶೆಲ್ಫುಗಳಾದವು. ಆಚಾರ್ರು ಮೊದಲು ಮೂಗು ಮುರಿದರು: "ಹೊಸ ಪ್ಲೈವುಡ್ ಆದ್ರೆ ಎರಡು ದಿನದ ಕೆಲಸ ಸ್ವಾಮಿ, ಇದರಲ್ಲಿ ಮೊಳೆ ಕೀಳೋದೇ ಎರಡು ದಿನ." ಮಾತು ನಿಜ. ಹಳೆ ಮರದಲ್ಲಿ ಉಳಿದ ಒಂದು ಮೊಳೆ ಗರಗಸದ ಹಲ್ಲು ಮುರಿಯುತ್ತದೆ. ಆದ್ದರಿಂದ ಮೊಳೆ ಕೀಳುವ ಕೆಲಸವನ್ನು ಮನೆಯವರೇ ಮೊದಲು ಮುಗಿಸಿಟ್ಟರೆ ಕೂಲಿ ಉಳಿಯುತ್ತದೆ.

ಹಳೆ ಮರವನ್ನು ಒಳಗೆ ತರುವ ಮುನ್ನ ನೋಡಬೇಕಾದ್ದು ಹುಳ. ಹಲಗೆಯ ಕೆಳಗೆ ಒಂದು ಕಾಗದ ಹಾಸಿ, ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ಒಂದು ವಾರ ಬಿಡಿ. ಕಾಗದದ ಮೇಲೆ ಹಿಟ್ಟಿನಂತಹ ಪುಡಿ ಮತ್ತೆ ಮತ್ತೆ ಬಿದ್ದರೆ ಒಳಗೆ ಹುಳ ಬದುಕಿದೆ ಎಂದು ಅರ್ಥ. ತೂತು ಮಾತ್ರ ಇದ್ದು ಪುಡಿ ಬೀಳದಿದ್ದರೆ ಬಹುಮಟ್ಟಿಗೆ ಹಳೆಯ ಕಥೆ. ಚೂರಿಯ ಮೊನೆ ಸಲೀಸಾಗಿ ಇಳಿಯುವಷ್ಟು ಮೆತ್ತಗಾದ ಭಾಗವನ್ನು ಕೊಯ್ದು ಒಲೆಗೆ ಹಾಕುವುದೇ ಸರಿ. ಉಳಿದದ್ದಕ್ಕೆ ಬೋರಾಕ್ಸ್ ಮತ್ತು ಬೋರಿಕ್ ಆಮ್ಲದ ದ್ರಾವಣ ಬಳಿಯುವುದು ರೂಢಿಯಲ್ಲಿರುವ ಮದ್ದು. ನಮ್ಮ ಹಿರಿಯರು ಬಳಿಯುತ್ತಿದ್ದ ಗೇರೆಣ್ಣೆಯೂ ಒಳ್ಳೆಯದೇ, ಆದರೆ ಅದು ಕೈಗೆ ತಗಲಿದರೆ ಚರ್ಮ ಸುಟ್ಟು ಗುಳ್ಳೆಯೇಳುತ್ತದೆ. ಆಹಾರ ತಗಲುವ ಹಲಗೆಗೆ ಇವೆರಡೂ ಬೇಡ. ಹೆಚ್ಚುವ ಮೇಜಿನ ಮೇಲ್ಮೈಗೆ ನಾವು ಏನನ್ನೂ ಬಳಿಯಲಿಲ್ಲ. ಉಪ್ಪು ಹಾಕಿ ತಿಕ್ಕಿ, ತೊಳೆದು ಒಣಗಿಸುತ್ತೇವೆ.

ಬಾಗಿಲಿಗೆ ಹಳೆ ಬಣ್ಣ ಬಳಿದಿದ್ದರೆ ಇನ್ನೊಂದು ಎಚ್ಚರಿಕೆ. ಹಿಂದಿನ ಎಣ್ಣೆಬಣ್ಣಗಳಲ್ಲಿ ಸೀಸ ಇರುತ್ತಿತ್ತು. ಮನೆಬಣ್ಣದಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಭಾಗ ಮೀರಬಾರದೆಂಬ ನಿಯಮ ನಮ್ಮ ದೇಶದಲ್ಲಿ ಬಂದದ್ದೇ 2016ರಲ್ಲಿ. ಆದ್ದರಿಂದ ಹಳೆ ಬಣ್ಣವನ್ನು ಸುಡಬೇಡಿ, ಒಣಗಿದ್ದಾಗ ಉಜ್ಜಬೇಡಿ. ನೀರು ಚಿಮುಕಿಸಿ, ಮನೆಯ ಹೊರಗೆ, ಮೂಗಿಗೆ ಬಟ್ಟೆ ಕಟ್ಟಿ ಕೆರೆಯಿರಿ. ಮಕ್ಕಳನ್ನು ಹತ್ತಿರ ಬಿಡಬೇಡಿ. ಅಂತಹ ಹಲಗೆಯನ್ನು ಕಪಾಟಿನ ಬಾಗಿಲಿಗೆ ಬಳಸಿ, ಹೆಚ್ಚುವ ಮೇಜಿಗೆ ಬೇಡ.

ತಂತಿಜಾಲರಿಯ ಬೀರುವಿಗೆ ಹೊಸ ಜಾಲರಿ ಹೊಡೆಸಿದ್ದಷ್ಟೇ ಖರ್ಚು. ಅದರ ನಾಲ್ಕು ಕಾಲುಗಳಡಿ ನೀರಿನ ಬಟ್ಟಲು ಇಟ್ಟರೆ ಇರುವೆ ಹತ್ತುವುದಿಲ್ಲ. ಬಟ್ಟಲ ನೀರನ್ನು ವಾರಕ್ಕೊಮ್ಮೆ ಚೆಲ್ಲದಿದ್ದರೆ ಸೊಳ್ಳೆ ಹುಟ್ಟುತ್ತದೆ ಎಂಬುದನ್ನೂ ಮರೆಯಬಾರದು. ಹಾಲು, ಬೆಣ್ಣೆ, ಮಿಕ್ಕಿದ ಸಾರು ಎಲ್ಲ ಫ್ರಿಜ್ಜಿಗೆ ಹೋದರೂ, ಬಾಳೆಹಣ್ಣು, ಬೆಲ್ಲ, ಹಪ್ಪಳ, ಕಡುಬಿನ ಪಾತ್ರೆಗೆ ಇದಕ್ಕಿಂತ ಒಳ್ಳೆಯ ಜಾಗವಿಲ್ಲ.

ತೋಟದ ಸಾಮಾನನ್ನೂ ಮರೆಯಬೇಡಿ. ಹಳೆ ಗಿಡ ಕಿತ್ತು ಮರುನಾಟಿ ಮಾಡುವವರು ಕಾಫಿಯ ದಪ್ಪ ಕಾಂಡಗಳನ್ನೆಲ್ಲ ಒಲೆಗೆ ತುಂಬುತ್ತಾರೆ. ಒಳ್ಳೆಯ ನಾಲ್ಕು ಕಾಂಡ ಆರಿಸಿ, ನೆರಳಲ್ಲಿ ನಿಧಾನವಾಗಿ ಒಣಗಿಸಿ, ತೊಗಟೆ ಕೆರೆದರೆ ಸೌಟು, ಲೋಟ ನೇತುಹಾಕುವ ಗೂಟಗಳಾಗುತ್ತವೆ. ಬಿಸಿಲಿಗೆ ಹಾಕಿದರೆ ಸೀಳುತ್ತವೆ. ಬಲಿತ ಅಡಿಕೆ ಮರದ ದಬ್ಬೆಯನ್ನು ನುಣುಪು ಮಾಡಿ ಸಾಲಾಗಿ ಬಿಗಿದರೆ ತೊಳೆದ ಪಾತ್ರೆ ಬೋರಲು ಹಾಕುವ ತಟ್ಟಿ. ನೀರು ತಾನಾಗಿ ಬಸಿಯುತ್ತದೆ.

ಬೆಳಕು ಮತ್ತು ಕಲ್ಲು

ನಮ್ಮ ಅಡುಗೆಮನೆಯ ದೊಡ್ಡ ಕೊರತೆ ಅಲಂಕಾರದ್ದಲ್ಲ, ಬೆಳಕಿನದು. ಬಾಸೆಲ್ ಮಿಶನ್‌ನವರು 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಘಟ್ಟದ ಮೇಲೂ ಕೆಳಗೂ ಹುಲ್ಲುಮಾಡುಗಳ ಜಾಗಕ್ಕೆ ಆ ಕೆಂಪು ಹೆಂಚು ಬಂತು. ಹೆಂಚಿನ ಮಾಡಿಗೆ ಒಂದು ಅನುಕೂಲವಿದೆ: ಒಂದು ಹೆಂಚು ತೆಗೆದು ಆ ಜಾಗಕ್ಕೆ ಗಾಜಿನ ಹೆಂಚು ಹಾಕಬಹುದು. ನಮ್ಮ ಹತ್ತಿರದ ಹಳ್ಳಿಯಲ್ಲಿ ಕೆಡವಿದ ಮನೆಯೊಂದರಿಂದ ಆರು ಗಾಜಿನ ಹೆಂಚು, ಒಂದು ಸರಳುಕಿಟಕಿ ತಂದೆವು. ಅವನ್ನು ಕೂರಿಸಿದ ದಿನ ಬೆಳಿಗ್ಗೆ ಏಳೂವರೆಗೆ ದೀಪ ಆರಿಸಿ ಅಡುಗೆ ಮಾಡಿದರು. ನಲವತ್ತು ವರ್ಷದಲ್ಲಿ ಮೊದಲ ಸಲ!

ಹಳೆ ಹೆಂಚು ಕೊಳ್ಳುವವರು ಎರಡು ವಿಷಯ ನೋಡಬೇಕು. ಬೆರಳಗಂಟಿನಿಂದ ಕುಟ್ಟಿದರೆ ಟಣ್ ಎನ್ನುವುದು ಗಟ್ಟಿ ಹೆಂಚು, ಮಂಕಾಗಿ ಸದ್ದು ಮಾಡುವುದು ಬಿರುಕು ಬಿಟ್ಟದ್ದು. ಹೆಂಚಿನ ಅಡಿಯಲ್ಲಿ ಒತ್ತಿರುವ ಕಾರ್ಖಾನೆಯ ಗುರುತನ್ನೂ ನೋಡಿ. ಒಂದು ಕಾರ್ಖಾನೆಯ ಹೆಂಚು ಇನ್ನೊಂದರ ಪಕ್ಕ ಸರಿಯಾಗಿ ಕೂರದಿರಬಹುದು, ಆ ಸಂದಿನಲ್ಲೇ ಸೋರುವುದು. ನಾವು ಇದನ್ನು ನೋಡದೆ ತಂದು ಎರಡು ಗಾಜಿನ ಹೆಂಚು ದಂಡವಾಯಿತು.

ಕಟ್ಟೆಯ ಮೇಲೆ ಹಾಸಲು ಮುಚ್ಚಿಹೋದ ಒಂದು ಹೋಟೆಲಿನ ಕಡಪ ಕಲ್ಲುಗಳನ್ನು ತಂದೆವು. ಕಡಪ ಸುಣ್ಣದ ಜಾತಿಯ ಕಲ್ಲು. ನಿಂಬೆ, ಹುಣಿಸೆ, ವಿನೆಗರು ಬಿದ್ದು ಹಾಗೇ ನಿಂತರೆ ಕಲೆಯಾಗುತ್ತದೆ, ಕೂಡಲೇ ಒರೆಸಬೇಕು. ಕಟ್ಟೆಯ ಎತ್ತರವನ್ನು ಪುಸ್ತಕದ ಅಳತೆಗೆ ಕಟ್ಟಿಸದೆ, ಅಡುಗೆ ಮಾಡುವವರನ್ನು ನಿಲ್ಲಿಸಿ ಮೊಣಕೈಗಿಂತ ಒಂದು ಗೇಣು ಕೆಳಗೆ ಗುರುತು ಹಾಕಿದೆವು. ನೆಲಕ್ಕೆ ಕೈ ಹಚ್ಚಲಿಲ್ಲ. ಅಪ್ಪನ ಕಾಲದ ಕೆಂಪು ರೆಡಾಕ್ಸೈಡ್ ನೆಲ ಮಸಿ ಹಿಡಿದು ಕಪ್ಪಾಗಿತ್ತು. ಸೀಗೆಪುಡಿ ಹಾಕಿ ತಿಕ್ಕಿ, ಒಣಗಿದ ಮೇಲೆ ಕೊಬ್ಬರಿ ಎಣ್ಣೆಯ ಬಟ್ಟೆಯಿಂದ ಉಜ್ಜಿದರೆ ಕೆಂಪು ಮತ್ತೆ ಬಂತು. ಎಣ್ಣೆ ಹೆಚ್ಚಾದರೆ ಜಾರಿ ಬೀಳುವುದು ಖಚಿತ, ಅದಕ್ಕೆ ಒಣಬಟ್ಟೆಯಿಂದ ಇನ್ನೊಮ್ಮೆ ಒರೆಸಬೇಕು.

ಸೌದೆ ಒಲೆ ಬಿಡಲಾಗದ ಮನೆಗಳು ನಮ್ಮಲ್ಲಿ ಇನ್ನೂ ಇವೆ. ಅಂಥವರು ಹಳೆಯ ಕೋಡೊಲೆಯನ್ನು ಚಂದಕ್ಕೆಂದು ಉಳಿಸಿಕೊಳ್ಳುವ ಬದಲು ಹೊಗೆಕೊಳವೆಯಿರುವ ಅಸ್ತ್ರ ಒಲೆ ಕಟ್ಟಿಸಲಿ. 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಆರಂಭವಾದ ಅಸ್ತ್ರ ಘಟಕದವರು ರೂಪಿಸಿದ ಈ ಒಲೆಯಲ್ಲಿ ಒಂದೇ ಬೆಂಕಿಗೆ ಮೂರು ಪಾತ್ರೆ ಕೂರುತ್ತವೆ, ಹೊಗೆ ಮಾಡಿನಿಂದಾಚೆ ಹೋಗುತ್ತದೆ. ಹಳೆಯದೆಂದು ಹೊಗೆಯನ್ನೂ ಉಳಿಸಿಕೊಳ್ಳಬೇಕಾಗಿಲ್ಲ.

ಪಾತ್ರೆಪಡಗ

ಹಿತ್ತಾಳೆ, ತಾಮ್ರದ ಪಾತ್ರೆಗಳಲ್ಲಿ ಹುಳಿ, ಮಜ್ಜಿಗೆ, ಸಾರು ಇಟ್ಟರೆ ಲೋಹ ಕರಗಿ ಆಹಾರಕ್ಕೆ ಸೇರುತ್ತದೆ. ಕಿಲುಬು ಎನ್ನುವುದು ಇದನ್ನೇ. ಅದಕ್ಕಾಗಿಯೇ ಕಲಾಯಿ. ಪಾತ್ರೆಯನ್ನು ಕಾಯಿಸಿ, ನವಸಾಗರದ ಪುಡಿ ಉದುರಿಸಿ, ತವರದ ಕಡ್ಡಿ ತಾಗಿಸಿ ಬಟ್ಟೆಯಿಂದ ಸವರಿದರೆ ಒಳಗೆಲ್ಲ ಬೆಳ್ಳಿಯ ಹಾಗೆ ತವರ ಹರಡುತ್ತದೆ. ಕಲಾಯಿಯವರು ಈಗ ಊರೂರು ತಿರುಗುವುದು ಕಡಿಮೆ. ಸಿಕ್ಕಾಗ ನಾಲ್ಕಾರು ಮನೆಯವರು ಸೇರಿ ಒಂದೇ ಕಡೆ ಕರೆಸಿದರೆ ಅವರಿಗೂ ಗಿಟ್ಟುತ್ತದೆ, ನಮಗೂ ಸಸ್ತಾ. ಸೀಸ ಬೆರೆಸದ ಶುದ್ಧ ತವರವೇ ಬೇಕೆಂದು ಮೊದಲೇ ಹೇಳಬೇಕು. ತವರ 232 ಡಿಗ್ರಿ ಸೆಲ್ಸಿಯಸಿನಲ್ಲಿ ಕರಗುವ ಲೋಹ. ಆದ್ದರಿಂದ ಕಲಾಯಿ ಪಾತ್ರೆಯನ್ನು ಬರಿದಾಗಿ ಒಲೆಯ ಮೇಲಿಡಬಾರದು, ಕರಿಯಲು ಬಳಸಬಾರದು, ಕಬ್ಬಿಣದ ಸಟ್ಟುಗದಿಂದ ಕೆರೆಯಬಾರದು. ಒಳಗೆ ಹಳದಿ ಇಣುಕಿದರೆ ಮತ್ತೆ ಕಲಾಯಿಯ ಹೊತ್ತಾಯಿತೆಂದು ತಿಳಿಯಬೇಕು.

ನಮ್ಮ ಎರಡು ಬೋಗುಣಿಗಳಿಗೆ ಮಾತ್ರ ಕಲಾಯಿ ಹಾಕಿಸಿದೆವು. ತಪ್ಪಲೆಗೆ ಹಾಕಿಸಲಿಲ್ಲ, ಅದರಲ್ಲಿ ಈಗ ಈರುಳ್ಳಿ. ಸೇರು ಅಕ್ಕಿ ಡಬ್ಬಿಯಲ್ಲಿದೆ. 1956ರ ಕಾಯ್ದೆಯಿಂದ ಮೆಟ್ರಿಕ್ ಅಳತೆ ಬಂದು ಸೇರು-ಪಾವು ಅಂಗಡಿಯಿಂದ ಹೋದವೇ ಹೊರತು ನಮ್ಮ ಅಡುಗೆಮನೆಯಿಂದ ಹೋಗಲಿಲ್ಲ; ಈಗಲೂ ನೆಂಟರು ಬಂದರೆ ಎಷ್ಟು ಪಾವು ಎಂದೇ ಲೆಕ್ಕ. ಕಾವಲಿಯನ್ನು ಇಟ್ಟಿಗೆಪುಡಿಯಿಂದ ತಿಕ್ಕಿ, ಎಣ್ಣೆ ಸವರಿ ಕಾಯಿಸಿ ಆರಿಸುವುದನ್ನು ನಾಲ್ಕು ದಿನ ಮಾಡಿದ ಮೇಲೆ ದೋಸೆ ತಾನಾಗಿ ಎದ್ದಿತು.

ಭರಣಿಯಲ್ಲಿ ಉಪ್ಪುನೀರು ತುಂಬಿ ಒಂದು ವಾರ ಇಡಿ. ಹೊರಮೈಯಲ್ಲಿ ಉಪ್ಪಿನ ಬಿಳಿ ಪೊರೆ ಕಂಡರೆ ಕಣ್ಣಿಗೆ ಕಾಣದ ಬಿರುಕಿದೆ. ಅದರಲ್ಲಿ ಸೌಟುಗಳನ್ನು ನಿಲ್ಲಿಸಬಹುದು, ಮಿಡಿ ಹಾಕಬಾರದು. ಬಣ್ಣಬಣ್ಣದ ಹೊಳಪಿನ ಹಳೆ ಪಿಂಗಾಣಿಯನ್ನು ಸಂತೆಯಲ್ಲಿ ಕೊಂಡರೆ ಗೋಡೆಗೂಡಿಗಷ್ಟೇ ಇಡಿ. ಆ ಹೊಳಪಿನಲ್ಲಿ ಸೀಸ ಇರುವುದುಂಟು, ಹುಳಿ ತಗಲಿದರೆ ಅದು ಬಿಡುತ್ತದೆ.

ಕೈಮಿಲ್ಲಿನ ಮಾತು ಹೇಳಲು ಸ್ವಲ್ಪ ನಾಚಿಕೆ. ಕಾಫಿ ಬೆಳೆಯುವ ನಮ್ಮ ಮನೆಯಲ್ಲೇ ವರ್ಷಗಟ್ಟಲೆ ಪೇಟೆಯ ಪೊಟ್ಟಣದ ಪುಡಿ ಕುಡಿದಿದ್ದೇವೆ. ಮಿಲ್ಲನ್ನು ಬಿಚ್ಚಿ ತುಕ್ಕು ಕೆರೆದು, ಒಂದು ಹಿಡಿ ಒಣ ಅಕ್ಕಿಯನ್ನು ಎರಡು ಸಲ ಬೀಸಿ ಚೆಲ್ಲಿದ ಮೇಲೆ ಹಲ್ಲು ಸ್ವಚ್ಛವಾಯಿತು. ಈಗ ಬೆಳಿಗ್ಗೆ ಎದ್ದು ಬೀಜ ಬೀಸುವುದು ನನ್ನ ಪಾಲಿನ ಕೆಲಸ. ಇದು ನಾಲ್ಕನೆಯ ನಿಯಮ, ಆಮೇಲೆ ಸೇರಿಸಿದ್ದು.

ಕೊಳ್ಳುವಾಗ

ಅಟ್ಟದಲ್ಲಿಲ್ಲದ್ದನ್ನು ಎಲ್ಲಿ ಹುಡುಕುವುದು? ಪೇಟೆಯ ಪುರಾತನ ವಸ್ತುಗಳ ಅಂಗಡಿಗೆ ಹೋಗಬೇಡಿ. ಅಲ್ಲಿ ನಮ್ಮದೇ ಸಾಮಾನು ಹತ್ತು ಕೈ ದಾಟಿ ಬಂದಿರುತ್ತದೆ. ಹಳೆ ಮನೆ ಕೀಳುವ ಸುದ್ದಿ ಕೇಳಿದರೆ ಮಾಡು ಇಳಿಸುವ ಮುನ್ನವೇ ಹೋಗಿ ಮಾತಾಡಿ. ಮುಚ್ಚುವ ಹೋಟೆಲು, ಛತ್ರ, ಶಾಲೆಗಳ ಹರಾಜುಗಳಿಗೆ ಹೋಗಿ. ನಮ್ಮ ಸಂಘದ ಹಳೆ ಮೇಜುಗಳನ್ನು ಹರಾಜು ಹಾಕಿದಾಗ ಅವುಗಳಲ್ಲೊಂದರ ಮೇಲೆ ನನಗೆ ಬಹಳ ಆಸೆಯಿತ್ತು. ಆದರೆ ಕಾರ್ಯದರ್ಶಿಯೇ ಕೂಗುವುದು ಸರಿಯಲ್ಲವೆಂದು ಬಾಯಿ ಮುಚ್ಚಿಕೊಂಡು ಕೂತೆ. ಅದನ್ನು ಕೊಂಡ ಸದಸ್ಯರ ಮನೆಯಲ್ಲಿ ಈಗ ಅದರ ಮೇಲೆ ಚಪಾತಿ ಲಟ್ಟಿಸುತ್ತಾರೆ.

ತೊಲೆ, ಕಂಬ, ದೊಡ್ಡ ಹಲಗೆಗಳನ್ನು ವಾಹನದಲ್ಲಿ ಸಾಗಿಸುವ ಮುನ್ನ, ಅದರಲ್ಲೂ ಬೀಟೆ, ತೇಗವಾದರೆ, ವಲಯ ಅರಣ್ಯ ಕಚೇರಿಯಲ್ಲಿ ವಿಚಾರಿಸಿ ಕಾಗದಪತ್ರ ಸರಿಮಾಡಿಕೊಳ್ಳಿ. ಅಗ್ಗದ ಮರ ತನಿಖಾ ಠಾಣೆಯಲ್ಲಿ ತುಟ್ಟಿಯಾಗಬಾರದು.

ಹೀಗೆ ಕೂಡಿಸಿದ್ದರಿಂದ ಎಂತಹ ಮನೆ ಕಟ್ಟಬಹುದೆಂಬುದಕ್ಕೆ ದೂರ ಹೋಗಬೇಕಾಗಿಲ್ಲ. ಮಣಿಪಾಲದ ವಿಜಯನಾಥ ಶೆಣೈ ಅವರು ಬ್ಯಾಂಕಿನ ನೌಕರರಾಗಿದ್ದವರು. ಕೆಡವಿದ ಹಳೆ ಮನೆಗಳ ಕಂಬ, ಬಾಗಿಲು, ಕಿಟಕಿಗಳನ್ನು ಆಯ್ದು ತಂದು 'ಹಸ್ತಶಿಲ್ಪ' ಎಂಬ ತಮ್ಮ ಮನೆ ಕಟ್ಟಿದರು. ಮುಂದೆ ಇಡೀ ಮನೆಗಳನ್ನೇ ಬಿಚ್ಚಿ ತಂದು ಮರುಕಟ್ಟಿ ಒಂದು ಪರಂಪರೆಯ ಗ್ರಾಮವನ್ನೇ ಮಾಡಿದರು. ಅವರು 2017ರಲ್ಲಿ ತೀರಿಕೊಂಡರು, ಗ್ರಾಮ ಉಳಿದಿದೆ. ಇನ್ನೊಂದು ಉದಾಹರಣೆ ತಮಿಳುನಾಡಿನ ಕಾರೈಕುಡಿಯದು. ಅಲ್ಲಿಯ ಚೆಟ್ಟಿನಾಡಿನ ದೊಡ್ಡ ದೊಡ್ಡ ಮನೆಗಳನ್ನು ಬಿಚ್ಚಿ ಮಾರಿದ ಕಂಬ, ಬಾಗಿಲು, ಪಾತ್ರೆಗಳಿಗಾಗಿಯೇ ಒಂದು ಬೀದಿಯ ತುಂಬ ಅಂಗಡಿಗಳಿವೆ. ಬಿಚ್ಚಿದ ಮನೆಯ ಸಾಮಾನು ಮತ್ತೊಂದು ಮನೆಯಾಗುವುದೂ ಉಂಟು, ಬೀದಿಯ ಅಂಗಡಿ ಸೇರುವುದೂ ಉಂಟು. ಯಾವುದಾಗಬೇಕು ಎಂಬುದು ಅಟ್ಟದ ಒಡೆಯನ ಕೈಯಲ್ಲಿದೆ.

ಮಾರುವಾಗ

ಇದನ್ನು ನಾನು ಕಲಿತದ್ದು ನಷ್ಟದಿಂದ. 2002ರ ಮಳೆಗಾಲಕ್ಕೆ ಮುಂಚೆ ಆಳುಗಳ ಕೂಲಿ ಬಾಕಿಯಿತ್ತು, ಕಾಫಿ ಮಾರಿದರೆ ಕೊಯ್ಲಿನ ಖರ್ಚೂ ಹುಟ್ಟುವಂತಿರಲಿಲ್ಲ. ಗುಜರಿಯವನೊಬ್ಬ ವ್ಯಾನಿನಲ್ಲಿ ಬಂದ. ಅಜ್ಜಿಯ ತಾಮ್ರದ ಹಂಡೆ, ಊಟದ ಕಂಚಿನ ತಟ್ಟೆಗಳು, ಕಂಚಿನ ಕೊಪ್ಪರಿಗೆ, ಎಲ್ಲವನ್ನೂ ಒಂದೇ ರಾಶಿ ಹಾಕಿ ಹಿತ್ತಾಳೆ ದರದಲ್ಲಿ, ಅವನದೇ ತಕ್ಕಡಿಯಲ್ಲಿ ತೂಗಿ ಕೊಟ್ಟೆ. ಅಮ್ಮ ಏನೂ ಹೇಳಲಿಲ್ಲ. ರಾಶಿಯಿಂದ ಒಂದು ಕಂಚಿನ ಸೌಟನ್ನು ಎತ್ತಿಕೊಂಡು, "ಇದು ಇರ್ಲಿ ಮಗಾ, ಇದಕ್ಕೆ ಎಷ್ಟು ತೂಕ ಬರ್ತದೆ" ಎಂದು ಒಳಗೆ ಹೋದರು.

ಮಾರಿದ್ದು ತಪ್ಪು ಎಂದು ಇಂದಿಗೂ ಹೇಳಲಾರೆ. ದುಡಿದವರಿಗೆ ಕೂಲಿ ಕೊಡಬೇಕಾಗಿತ್ತು, ಕೊಟ್ಟೆ. ತಪ್ಪಾದದ್ದು ಮಾರಿದ ರೀತಿ. ತಾಮ್ರಕ್ಕೆ ಸತುವು ಸೇರಿಸಿದರೆ ಹಿತ್ತಾಳೆ, ತವರ ಸೇರಿಸಿದರೆ ಕಂಚು. ಸತುವು ಅಗ್ಗ, ತವರ ತಾಮ್ರಕ್ಕಿಂತಲೂ ತುಟ್ಟಿ. ಆದ್ದರಿಂದ ತಾಮ್ರಕ್ಕೂ ಕಂಚಿಗೂ ಹಿತ್ತಾಳೆಗಿಂತ ಹೆಚ್ಚಿನ ದರ ಸಿಗಬೇಕು. ಕಂಚನ್ನು ಗುರುತಿಸುವುದು ಕಿವಿಯಿಂದ: ಬೆರಳಲ್ಲಿ ತಟ್ಟಿದರೆ ದೇವರಮನೆಯ ಗಂಟೆಯ ಹಾಗೆ ನಾದ ಎಳೆಯುತ್ತದೆ, ಹಿತ್ತಾಳೆಯ ಸದ್ದು ಬೇಗ ಅಡಗುತ್ತದೆ. ಕೈಜಾರಿ ಬಿದ್ದರೆ ಹಿತ್ತಾಳೆ ನೆಗ್ಗುತ್ತದೆ, ಕಂಚು ಒಡೆಯುತ್ತದೆ. ಇಷ್ಟು ತಿಳಿದಿದ್ದರೆ ಅದೇ ಸಾಮಾನಿನಲ್ಲಿ ಕೂಲಿ ಬಾಕಿ ತೀರಿ, ಹಂಡೆಯಾದರೂ ಮನೆಯಲ್ಲಿ ಉಳಿಯುತ್ತಿತ್ತೇನೋ.

ಮಾರಲೇಬೇಕಾದವರು ಬೇರೆ ಬೇರೆ ಲೋಹವನ್ನು ಬೇರೆ ಬೇರೆ ರಾಶಿ ಮಾಡಿ, ಎರಡು ಕಡೆ ದರ ಕೇಳಿ, ನಂಬಿಕೆಯ ತಕ್ಕಡಿಯಲ್ಲಿ ತೂಗಿಸಿ. ದೇವರ ಮೂರ್ತಿ, ಹಳೆ ಚಿತ್ರ, ತಾಳೆಗರಿ ಸಿಕ್ಕಿದರೆ ಮಾರುವ ಯೋಚನೆಯನ್ನೇ ಮಾಡಬೇಡಿ. 1972ರ ಪ್ರಾಚ್ಯವಸ್ತು ಕಾಯ್ದೆಯಂತೆ ನೂರು ವರ್ಷ ದಾಟಿದ ಕಲಾವಸ್ತುಗಳ ವ್ಯಾಪಾರಕ್ಕೆ ಪರವಾನಗಿ ಬೇಕು, ಖಾಸಗಿಯವರು ಅವನ್ನು ಹೊರದೇಶಕ್ಕೆ ಕಳಿಸುವಂತಿಲ್ಲ. ಹಸ್ತಪ್ರತಿಗಳಿಗೆ ಈ ಮಿತಿ 75 ವರ್ಷ.

ಲೆಕ್ಕ

ಕಾರ್ಯದರ್ಶಿ ಬರೆದ ಲೇಖನದಲ್ಲಿ ಜಮಾಖರ್ಚು ಇಲ್ಲದಿದ್ದರೆ ಸದಸ್ಯರು ಒಪ್ಪುವುದಿಲ್ಲ. ನಮ್ಮ ಖರ್ಚು ಹೀಗಿದೆ:

ಆಚಾರ್ರ ಕೂಲಿ, ಕೀಲು, ಮೊಳೆ, ಜಾಲರಿ – 19,500 ರೂ.
ಗಾರೆ ಕೆಲಸ, ಸಿಮೆಂಟು, ಮರಳು – 16,000 ರೂ.
ಹಳೆ ಕಡಪ ಕಲ್ಲು, ಸಾಗಾಟ ಸೇರಿ – 6,500 ರೂ.
ಸಿಂಕು, ನಲ್ಲಿ, ಕೊಳವೆಗಳು (ಹೊಸತು) – 9,800 ರೂ.
ವಿದ್ಯುತ್ ತಂತಿ, ಸ್ವಿಚ್ಚು, ಕೂಲಿ (ಹೊಸತು) – 8,700 ರೂ.
ಗಾಜಿನ ಹೆಂಚು, ಹಳೆ ಕಿಟಕಿ – 4,200 ರೂ.
ಕಲಾಯಿ – 2,300 ರೂ.
ಬಣ್ಣ, ಸುಣ್ಣ, ಎಣ್ಣೆ, ಮರಳುಕಾಗದ – 5,000 ರೂ.
ಒಟ್ಟು – 72,000 ರೂ.

ಮನೆಯವರ ದುಡಿಮೆಯನ್ನು ಇದರಲ್ಲಿ ಹಿಡಿದಿಲ್ಲ. ಹಿಡಿದರೆ ಇನ್ನೂ ಸ್ವಲ್ಪ ಏರುತ್ತದೆ. ಅಂಗಡಿಯವರ ಪಟ್ಟಿಗೂ ಇದಕ್ಕೂ 3,08,000 ರೂಪಾಯಿ ವ್ಯತ್ಯಾಸ. ಅಷ್ಟು ಹಣ ನಮ್ಮ ಪೆಟ್ಟಿಗೆಯಲ್ಲಿತ್ತೆಂದಲ್ಲ, ಅದು ನಾವು ಮಾಡದೆ ಉಳಿಸಿದ ಸಾಲ. ಮೂರು ಲಕ್ಷವನ್ನು ಶೇಕಡಾ 10ರ ಬಡ್ಡಿಗೆ ತಂದು 5 ವರ್ಷ ಮಾಸಿಕ ಕಂತು ಕಟ್ಟುವುದಾದರೆ ತಿಂಗಳಿಗೆ ಸುಮಾರು 6,370 ರೂಪಾಯಿ. ಬಡ್ಡಿಯೊಂದೇ 82,000 ದಾಟುತ್ತದೆ. ಅಂದರೆ ನಮ್ಮ ಇಡೀ ಅಡುಗೆಮನೆಗೆ ಆದ ಖರ್ಚು ಆ ಸಾಲದ ಬಡ್ಡಿಗಿಂತ ಕಡಿಮೆ. ಈ ಐದು ವರ್ಷದಲ್ಲಿ ಕಾಫಿ ಬೆಲೆ ಇಳಿದರೆ, ಅಡಿಕೆಗೆ ಕೊಳೆಯೋ ಎಲೆಚುಕ್ಕಿಯೋ ಬಡಿದರೆ, ಕಪಾಟಿನ ಕಂತು ಕಾಯುವುದಿಲ್ಲ.

ಸಾಲ ಬೇಡವೆಂದು ಕಾರ್ಯದರ್ಶಿಯೇ ಬರೆಯುವುದೇ ಎಂದು ಆಡಳಿತ ಮಂಡಳಿಯವರು ನಗಬಹುದು. ಸೋರುವ ಮಾಡಿಗೆ, ಹೊಗೆ ಹೋಗುವ ಒಲೆಗೆ, ಹೆಂಗಸರ ಬೆನ್ನುನೋವು ತಪ್ಪಿಸುವ ಕಟ್ಟೆಗೆ ಸಾಲ ಬೇಕಾದರೆ ಧಾರಾಳವಾಗಿ ಬನ್ನಿ, ಅರ್ಜಿ ಬರೆದುಕೊಡಲು ನಾನಿದ್ದೇನೆ. ಅದಕ್ಕೆ ಮೊದಲು ಒಂದು ದಿನ ಅಟ್ಟ ಹತ್ತಿ ನೋಡಿ ಎಂಬುದಷ್ಟೇ ನನ್ನ ವಿನಂತಿ. ಜೊತೆಗೆ ಅಡುಗೆ ಮಾಡುವವರನ್ನೂ ಕೇಳಿ. ಅವರು ಬೇಡ ಎಂದ ವಸ್ತು ಎಷ್ಟು ಹಳೆಯದಾದರೂ ಮತ್ತೆ ಅಟ್ಟಕ್ಕೇ ಹೋಗಲಿ.

ಹಳೆ ಹೆಂಚು, ಬಾಗಿಲು, ಕಿಟಕಿ, ಭರಣಿಗಳನ್ನು ಕೊಡುವವರು, ಬೇಕಾದವರು ಒಂದು ಚೀಟಿಯಲ್ಲಿ ಬರೆದು ಕೊಟ್ಟರೆ ಸಂಘದ ಸೂಚನಾ ಫಲಕದಲ್ಲಿ ಹಾಕಲು ಏರ್ಪಾಡು ಮಾಡುತ್ತೇನೆ. ಒಬ್ಬರ ಅಟ್ಟದಲ್ಲಿ ಹೆಚ್ಚಾದದ್ದು ಇನ್ನೊಬ್ಬರ ಅಡುಗೆಮನೆಯಲ್ಲಿ ಕಡಿಮೆಯಿರುತ್ತದೆ. ಗುಜರಿಯ ವ್ಯಾನು ಬರುವ ಮೊದಲು ಇದು ನಮ್ಮ ನಮ್ಮಲ್ಲೇ ತೀರಲಿ.

ಅಮ್ಮ ಎತ್ತಿಟ್ಟಿದ್ದ ಆ ಕಂಚಿನ ಸೌಟು ಈಗ ಕಾಫಿ ಕಾಂಡದ ಗೂಟದಲ್ಲಿ ನೇತಾಡುತ್ತದೆ. ಹಬ್ಬದ ದಿನ ಪಾಯಸ ಬಡಿಸಲು ಅದೇ.